ಕಲ್ಲು ಸುರಿಯುವ ಮೊದಲು ಮರಳಿನ ಲೆಕ್ಕ ಕೊಡಿ: ಕಡಲ್ಕೊರೆತದ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಮತ್ತು ಬಂದರು ಸಚಿವರಿಗೆ, ಕರಾವಳಿಯ ಮೂರೂ ಜಿಲ್ಲೆಗಳ ಶಾಸಕರಿಗೆ, ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಜೂನ್ ಬಂತೆಂದರೆ ನಮ್ಮ ಕಡೆ ಏನಾಗುತ್ತದೆ ಎನ್ನುವುದು ನಿಮಗೆ ಗೊತ್ತೇ ಇದೆ. ಕಡಲು ಬಿರುಸಾಗುತ್ತದೆ. ಉಳ್ಳಾಲದಲ್ಲೋ ಉಚ್ಚಿಲದಲ್ಲೋ, ಪಡುಕೆರೆಯಲ್ಲೋ ಮರವಂತೆಯಲ್ಲೋ ಯಾರದೋ ಹಿತ್ತಿಲು ನೀರುಪಾಲಾಗುತ್ತದೆ. ತೆಂಗಿನ ಮರಗಳು ಬೇರು ಸಮೇತ ಮಗುಚಿ ಬೀಳುತ್ತವೆ. ಬಾವಿ ನೀರು ಉಪ್ಪಾಗುತ್ತದೆ. ನೀವು ಬಂದು ನೋಡುತ್ತೀರಿ, ಜನ ಕಲ್ಲು ಹಾಕಿ ಎಂದು ಕೇಳುತ್ತಾರೆ, ಒಂದೆರಡು ದಿನದಲ್ಲಿ ಟಿಪ್ಪರ್‌ಗಳು ಸಾಲಾಗಿ ಬಂದು ಕಲ್ಲು ಸುರಿದು ಹೋಗುತ್ತವೆ. ಮುಂದಿನ ಜೂನ್‌ಗೆ ಅದೇ ಜಾಗ, ಇಲ್ಲವೇ ಅದರ ಪಕ್ಕದ ಜಾಗ.

ಕಲ್ಲು ಕೇಳುವ ಜನರನ್ನು ನಾನು ದೂರುವುದಿಲ್ಲ. ರಾತ್ರಿ ಅಲೆ ಬಂದು ಅಡುಗೆಮನೆ ಗೋಡೆಗೆ ಬಡಿಯುವಾಗ ಯಾರಾದರೂ ಕಲ್ಲನ್ನೇ ಕೇಳುತ್ತಾರೆ. ಆ ಹೊತ್ತಿಗೆ ಬೇರೆ ಏನೂ ಸಿಗುವುದಿಲ್ಲ. ನನ್ನ ಮಾತು ಉಳಿದ ತಿಂಗಳುಗಳ ಬಗ್ಗೆ. ಒಂದು ಊರಿನ ತೀರಕ್ಕೆ ಕಲ್ಲಿನ ಹಣ ಮಂಜೂರು ಮಾಡುವ ಮೊದಲು ಆ ತೀರದ ಮರಳು ಎಲ್ಲಿಗೆ ಹೋಯಿತು ಎನ್ನುವುದನ್ನು ಅಳೆದು ಜನರ ಮುಂದೆ ಇಡಿ. ಮರಳು ಎಲ್ಲಿ ಬಂದು ಕೂತಿದೆಯೋ ಅಲ್ಲಿಂದ ತೆಗೆದು, ಎಲ್ಲಿ ಬೇಕೋ ಅಲ್ಲಿಗೆ ಸಾಗಿಸಿ. ಈ ಪತ್ರ ಬರೆದದ್ದು ಇಷ್ಟನ್ನು ಕೇಳುವುದಕ್ಕೆ.

ಕಡಲ ದಡದಲ್ಲಿ ಬೆಳೆದ ಯಾರಿಗೂ ಇದು ಹೊಸ ವಿಷಯವಲ್ಲ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲೇ ನೀರಿನಡಿ ದಿಬ್ಬದ ಹಾಗೆ ಹಾಕುತ್ತವೆ. ಆ ದಿಬ್ಬ ಸುಮ್ನೆ ಕೂತಿರುವುದಿಲ್ಲ. ಹಿಂದಿನಿಂದ ಬರುವ ಅಲೆಗಳು ಅದಕ್ಕೆ ತಾಗಿ ಅಲ್ಲೇ ಒಡೆಯುತ್ತವೆ, ದಡಕ್ಕೆ ಬರುವಾಗ ಅವುಗಳ ಬಲ ಕಡಿಮೆಯಾಗಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕಡಲು ಇಳಿದಾಗ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನಕ್ಕೆ ದಡಕ್ಕೆ ತಂದು ಹಾಕುತ್ತವೆ. ಡಿಸೆಂಬರ್‌ನಲ್ಲಿ ನೋಡಿದರೆ ಜುಲೈಯಲ್ಲಿ ಕಾಣೆಯಾಗಿದ್ದ ಬೀಚ್ ಮತ್ತೆ ಇರುತ್ತದೆ. ಎಲ್ಲ ಕೊರೆತವೂ ನಷ್ಟವಲ್ಲ. ಹೋದದ್ದು ವಾಪಸ್ ಬರದೇ ಇದ್ದರೆ ಮಾತ್ರ ನಷ್ಟ. ಹಾಗಾಗಿ ಮೊದಲು ಕೇಳಬೇಕಾದ್ದು, ಈ ಊರಿನಲ್ಲಿ ಮರಳು ಯಾಕೆ ವಾಪಸ್ ಬರುತ್ತಿಲ್ಲ ಎಂದು.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2016ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ದೇಶದ ಕಡಲ ತೀರದಲ್ಲಿ ಮೂರನೇ ಒಂದು ಭಾಗದಷ್ಟು ಕೊರೆಯುತ್ತಿದೆ, ನಮ್ಮ ರಾಜ್ಯದ್ದು ಹೆಚ್ಚುಕಡಿಮೆ ಕಾಲು ಭಾಗ. ಅದೇ ವರದಿಯಲ್ಲಿ ಇನ್ನೊಂದು ವಿಷಯವೂ ಇದೆ. ದೇಶದ ತೀರದ ಕಾಲು ಭಾಗಕ್ಕಿಂತ ಜಾಸ್ತಿ ಕಡೆ ಮರಳು ಸೇರಿ ದಡ ಬೆಳೆಯುತ್ತಿದೆ. ಒಂದು ಕಡೆ ಹೋಗುತ್ತಿದೆ, ಇನ್ನೊಂದು ಕಡೆ ತುಂಬುತ್ತಿದೆ. ನಮ್ಮ ಚರ್ಚೆಯಲ್ಲಿ ಈ ಎರಡನೆಯ ಮಾತು ಬರುವುದೇ ಇಲ್ಲ.

ಈಗ ತಡೆಗೋಡೆಯ ಬುಡಕ್ಕೆ ಬನ್ನಿ. ನಮ್ಮೂರಿನ ಗೋಡೆಯನ್ನು ಇಳಿತದ ಹೊತ್ತಿನಲ್ಲಿ ಹತ್ತಿರದಿಂದ ನೋಡಿದರೆ ಅದು ಹೇಗೆ ಸೋಲುತ್ತದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಅಡಿಯಲ್ಲಿ ಹಾಸಿದ್ದ ಕಪ್ಪು ಬಟ್ಟೆ ಹರಿದು ಚಿಂದಿಯಾಗಿ ಕಲ್ಲುಗಳ ನಡುವೆ ಸಿಕ್ಕಿಕೊಂಡಿದೆ. ಕೆಳಗಿನ ಸಾಲಿನ ಕಲ್ಲುಗಳು ಮುಂದಕ್ಕೆ ಜಾರಿ ಅರ್ಧ ಹೂತಿವೆ. ಅವುಗಳ ಮುಂದೆ ಮೊಣಕಾಲು ಮುಳುಗುವಷ್ಟು ಆಳದ ಹೊಂಡ. ಅಲೆ ಇಳಿಜಾರಾದ ಮರಳಿನ ಮೇಲೆ ಬಂದಿದ್ದರೆ ಏರುತ್ತಾ ಏರುತ್ತಾ ಸುಸ್ತಾಗಿ, ನೀರು ಮರಳಿನೊಳಗೆ ಇಂಗಿ ಹೋಗುತ್ತಿತ್ತು. ಕಲ್ಲಿಗೆ ಬಡಿದ ಅಲೆ ಅದೇ ರಭಸದಲ್ಲಿ ಹಿಂದಕ್ಕೆ ಹೋಗುತ್ತದೆ, ಹೋಗುವಾಗ ಬುಡದ ಮರಳನ್ನು ತೋಡಿಕೊಂಡು ಹೋಗುತ್ತದೆ. ಬುಡ ಖಾಲಿಯಾದಾಗ ಮೇಲಿನ ಕಲ್ಲು ಕುಸಿಯುತ್ತದೆ. ನಾವು ಅದರ ಮೇಲೆ ಇನ್ನೊಂದು ಸಾಲು ಕಲ್ಲು ಹಾಕುತ್ತೇವೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗೋಡೆ ಮುಗಿಯುವ ಜಾಗದಲ್ಲಿ ಇನ್ನೊಂದು ತೊಂದರೆ. ಗೋಡೆಯ ಹಿಂದೆ ಇರುವ ಮರಳು ಅಲ್ಲೇ ಬಂದಿಯಾಗುವುದರಿಂದ ಪಕ್ಕದ ತೀರಕ್ಕೆ ಸಿಗಬೇಕಾದ ಪಾಲು ಸಿಗುವುದಿಲ್ಲ. ಕೊನೆಯ ಕಲ್ಲಿನಾಚೆಗೆ ಮೊದಲು ಇರುವ ಮನೆ ಯಾರದೋ, ಅವರ ಅಂಗಳಕ್ಕೆ ಕಡಲು ಅರ್ಧಚಂದ್ರದ ಆಕಾರದಲ್ಲಿ ಒಳನುಗ್ಗುತ್ತದೆ. ಕೇರಳದಲ್ಲಿ 590 ಕಿ.ಮೀ. ತೀರದ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಕಲ್ಲು ಕಟ್ಟಿಯಾಗಿದೆ. ಆದರೂ ಅಲ್ಲಿನ ಮೀನುಗಾರರ ಗೋಳು ಮುಗಿದಿಲ್ಲ. ಕೊಚ್ಚಿ ಪಕ್ಕದ ಚೆಲ್ಲಾನಂನಲ್ಲಿ 344 ಕೋಟಿ ರೂ. ಯೋಜನೆಯಲ್ಲಿ 7 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಉದ್ದಕ್ಕೆ ಟೆಟ್ರಾಪಾಡ್ ಗೋಡೆ ಕಟ್ಟಿದರು. ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುದರಿಂದ ಅಲೆ ಅವುಗಳ ಸಂದಿಯಲ್ಲಿ ಒಡೆದು ಹೋಗುತ್ತದೆ. ಆ ಗೋಡೆಯ ಹಿಂದೆ ಇರುವವರು ಮಳೆಗಾಲದಲ್ಲಿ ನೆಮ್ಮದಿಯಿಂದ ಮಲಗುತ್ತಾರೆ, ಅದು ನಿಜ. ಗೋಡೆ ಮುಗಿದ ಮೇಲಿನ ಕಣ್ಣಮಾಲಿಯ ಜನ ಮಾತ್ರ ಈಗ ಕಡಲು ನಮ್ಮ ಮೇಲೆ ಜಾಸ್ತಿ ಬೀಳುತ್ತಿದೆ ಎಂದು ಬೀದಿಗೆ ಇಳಿದರು.

ಇಷ್ಟು ಹೇಳಿದ ಮಾತ್ರಕ್ಕೆ ಕಲ್ಲು ಎಲ್ಲಿಯೂ ಬೇಡ ಎಂದಲ್ಲ. ಮರವಂತೆಯನ್ನೇ ನೋಡಿ. ಒಂದು ಬದಿ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹಿಂದೆ ಸರಿಯಲು ಅಲ್ಲಿ ಜಾಗವೇ ಇಲ್ಲ. ಅಂಥ ಕಡೆ ಗಟ್ಟಿ ರಚನೆ ಬೇಕೇ ಬೇಕು. ದಡದಿಂದ ಕಡಲಿಗೆ ಚಾಚಿದ ಗ್ರೋಯನ್‌ಗಳನ್ನು ಕಟ್ಟಿ ಮರಳು ಹಿಡಿಯುವ ಪ್ರಯತ್ನ ಅಲ್ಲಿ ನಡೆದಿದೆ. ಆದರೆ ಗ್ರೋಯನ್ ಒಂದು ಕಡೆ ಮರಳು ಹಿಡಿದರೆ ಮುಂದಿನವರಿಗೆ ಅಷ್ಟು ಕಡಿಮೆಯಾಗುತ್ತದೆ. ಆ ಸಾಲು ಮುಗಿದ ಮೇಲೆ ಬರುವ ಊರಿನ ತೀರವನ್ನು ವರ್ಷವರ್ಷ ಅಳೆಯುವುದೂ ಅದೇ ಕಾಮಗಾರಿಯ ಭಾಗ ಆಗಬೇಕು, ಅಲ್ವಾ?

ಮೀನುಗಾರಿಕೆ ಖಾತೆಯನ್ನೂ ನೋಡಿಕೊಳ್ಳುವ ಸಚಿವರು ಇದನ್ನು ವಿಶೇಷವಾಗಿ ಗಮನಿಸಬೇಕು. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರಿಗೆ ಮರಳಿನ ದಡ ಬೇಕು. ಹಗ್ಗ ಹಿಡಿದು ಎರಡು ಸಾಲಿನಲ್ಲಿ ಹಿಂದಕ್ಕೆ ನಡೆಯಬೇಕು, ಬಲೆ ಮೆಲ್ಲಗೆ ದಡಕ್ಕೆ ಜಾರಿ ಬರಬೇಕು. ಕಲ್ಲಿನ ಮೇಲೆ ಅದು ಆಗುವ ಕೆಲಸವಲ್ಲ, ಬಲೆ ಹರಿಯುತ್ತದೆ. ನಾಡದೋಣಿ ಎಳೆದಿಡಲೂ ಮರಳು ಬೇಕು. ಗೋಡೆ ಕಟ್ಟಿ ಮನೆ ಉಳಿಸಿ, ಮನೆಯವರ ಕಸುಬು ಕಳೆದರೆ ಅವರು ಅಲ್ಲಿ ಏನು ಮಾಡಿಕೊಂಡಿರಬೇಕು? ಮೊಟ್ಟೆ ಇಡಲು ಬರುವ ಕಡಲಾಮೆಗಳಿಗೂ ಗೋಡೆ ಹತ್ತಲು ಬರುವುದಿಲ್ಲ.

ನಾನು ಜಾಸ್ತಿ ಹೇಳಬೇಕಾದ್ದು ಹೊಳೆ ಕಡಲಿಗೆ ಸೇರುವ ಅಳಿವೆಗಳ ಬಗ್ಗೆ. ಮಂಗಳೂರು, ಮಲ್ಪೆ, ಹಂಗಾರಕಟ್ಟೆ, ಗಂಗೊಳ್ಳಿ ಯಾವ ಬಂದರಿಗೆ ಹೋಗಿ ಕೇಳಿದರೂ ಬೋಟಿನವರ ದೂರು ಒಂದೇ. ಅಳಿವೆಯಲ್ಲಿ ಹೂಳು ತುಂಬಿದೆ, ಬೋಟ್ ತಳ ತಾಗುತ್ತದೆ, ಗಾಳಿ ಇದ್ದ ದಿನ ಮಗುಚುವ ಭಯ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಊರಿನವರ ದೂರು, ನಮ್ಮ ದಡದ ಮರಳು ಹೋಗುತ್ತಿದೆ ಎಂದು. ಒಂದು ಕಡೆ ಮರಳು ಜಾಸ್ತಿಯಾಗಿ ತೊಂದರೆ, ಪಕ್ಕದಲ್ಲೇ ಇಲ್ಲದೆ ತೊಂದರೆ. ಹೂಳೆತ್ತುವುದಕ್ಕೆ ಒಂದು ಟೆಂಡರ್, ಗೋಡೆ ಕಟ್ಟುವುದಕ್ಕೆ ಇನ್ನೊಂದು ಟೆಂಡರ್. ಇವೆರಡೂ ಒಂದೇ ಮರಳಿನ ವಿಷಯ ಎಂದು ಒಂದೇ ಕಡತದಲ್ಲಿ ಬರೆಯುವ ದಿನ ಯಾವಾಗ ಬರುತ್ತದೆ?

ಉಳ್ಳಾಲದ ಕಥೆ ಇದಕ್ಕೆ ಸಾಕ್ಷಿ. ನೇತ್ರಾವತಿ, ಗುರುಪುರ ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆಯಲ್ಲಿ ಬೋಟುಗಳಿಗೆ ದಾರಿ ಸಲೀಸಾಗಲಿ ಎಂದು 90ರ ದಶಕದಲ್ಲಿ ಕಡಲಿಗೆ ಚಾಚಿ ಅಲೆ ತಡೆಯುವ ಎರಡು ಕಲ್ಲಿನ ಒಡ್ಡು, ಅಂದರೆ ಬ್ರೇಕ್‌ವಾಟರ್ ಕಟ್ಟಲಾಯಿತು. ಕಟ್ಟಿದ್ದು ತಪ್ಪು ಎನ್ನಲಾರೆ, ಸಾವಿರಾರು ಕುಟುಂಬಗಳು ಆ ಅಳಿವೆಯನ್ನೇ ನಂಬಿವೆ. ಆದರೆ ತೀರದ ಉದ್ದಕ್ಕೆ ಓಡಾಡುವ ಮರಳಿಗೆ ಅಡ್ಡ ನಿಂತಂತಾಯಿತು. ಬಡಗು ಬದಿಯ ಬೆಂಗ್ರೆಯಲ್ಲಿ ದಡ ಬೆಳೆಯಿತು, ತೆಂಕು ಬದಿಯ ಉಳ್ಳಾಲದಲ್ಲಿ ಕೊರೆತ ಜೋರಾಯಿತು. ಅಲ್ಲಿ ವರ್ಷಾನುಗಟ್ಟಲೆ ಕಲ್ಲು ಹಾಕಿದ್ದಾಯಿತು. ಆಮೇಲೆ 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಪಶ್ಚಿಮ ಕರಾವಳಿಗೆ ಒಪ್ಪಿದ 25 ಕೋಟಿ ಡಾಲರ್‌ವರೆಗಿನ ಸಾಲದ ಯೋಜನೆಯಲ್ಲಿ ಉಳ್ಳಾಲಕ್ಕೂ ಪಾಲು ಬಂತು. ಕಡಲೊಳಗೆ ಅಲೆಯ ಬಲ ಮುರಿಯುವ ಕೃತಕ ದಿಬ್ಬಗಳು ಅಂದರೆ ರೀಫ್‌ಗಳು, ದಡದ ಬಳಿ ದಿಣ್ಣೆಯಂಥ ಬರ್ಮ್‌ಗಳು, ಬ್ರೇಕ್‌ವಾಟರ್ ದುರಸ್ತಿ ಎಲ್ಲ ಆಯಿತು. ಅದು ಬರೀ ಗೋಡೆಗಿಂತ ಒಳ್ಳೆಯ ಯೋಚನೆ, ಅದನ್ನು ಒಪ್ಪುತ್ತೇನೆ. ಆದರೆ ಇನ್ನೂ ತೆಂಕಿನ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ ಕಡೆ ಕೊರೆತ ನಿಲ್ಲಲಿಲ್ಲ. ಬಟ್ಟಪ್ಪಾಡಿಯ ಕಡಲ ಬದಿಯ ರಸ್ತೆಯೇ ಕೊಚ್ಚಿ ಹೋಯಿತು. ರೀಫ್ ಕಟ್ಟಿದ ಮೇಲೆ ಉಳ್ಳಾಲದಿಂದ ತಲಪಾಡಿಯವರೆಗೆ ದಡ ಎಷ್ಟು ಬೆಳೆಯಿತು, ಎಷ್ಟು ಹೋಯಿತು ಎನ್ನುವ ವರ್ಷವಾರು ಅಳತೆಯನ್ನು ಕನ್ನಡದಲ್ಲಿ, ಪಂಚಾಯಿತಿ ಬೋರ್ಡಿನಲ್ಲಿ ಹಾಕಿ. ಸಾಲ ತೀರಿಸುವವರು ನಾವೇ ತಾನೇ.

ಆಸ್ಟ್ರೇಲಿಯದಲ್ಲಿ ಟ್ವೀಡ್ ಎಂಬ ನದಿಯ ಅಳಿವೆಯಲ್ಲಿ ಹೀಗೇ ಆಗಿತ್ತು. 1960ರ ದಶಕದಲ್ಲಿ ಬ್ರೇಕ್‌ವಾಟರ್ ಉದ್ದ ಮಾಡಿದರು, ಆಚೆ ಬದಿಯ ಗೋಲ್ಡ್ ಕೋಸ್ಟ್‌ನ ಬೀಚ್‌ಗಳಿಗೆ ಮರಳು ಬರುವುದು ನಿಂತಿತು. ಅವರು ಬ್ರೇಕ್‌ವಾಟರ್ ಒಡೆಯಲಿಲ್ಲ. ಮರಳು ಬಂದು ನಿಲ್ಲುವ ಬದಿಯಲ್ಲಿ ಒಂದು ಜೆಟ್ಟಿ ಕಟ್ಟಿ, ಅದರ ಕೆಳಗೆ ಪಂಪ್‌ಗಳನ್ನು ಇಟ್ಟು, ನದಿಯ ಅಡಿಯಿಂದ ಪೈಪ್ ಹಾಯಿಸಿ ಮರಳನ್ನು ಆಚೆ ಬದಿಗೆ ದಾಟಿಸಲು ಶುರುಮಾಡಿದರು. 2001ರಿಂದ ಅದು ನಡೆಯುತ್ತಿದೆ, ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್. ಅಷ್ಟು ದೊಡ್ಡ ವ್ಯವಸ್ಥೆಯೇ ನಮಗೂ ಬೇಕು ಎಂದು ನಾನು ಹೇಳುತ್ತಿಲ್ಲ. ಹೇಗೂ ಅಳಿವೆಯ ಹೂಳೆತ್ತುತ್ತೀರಿ, ಹೇಗೂ ಡ್ರೆಜ್ಜರ್‌ಗೆ ಬಾಡಿಗೆ ಕೊಡುತ್ತೀರಿ. ಅದು ಎತ್ತಿದ ಒಳ್ಳೆಯ ಮರಳನ್ನು ಪಕ್ಕದ ಕೊರೆಯುವ ದಡದ ಮುಂದೆಯೇ ಹಾಕಬೇಕು ಎಂಬ ಒಂದು ಸಾಲು ಟೆಂಡರ್‌ನಲ್ಲಿ ಬರಲಿ. ಅಷ್ಟಾದರೂ ಶುರುವಾಗಲಿ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಎತ್ತಿದ್ದೆಲ್ಲ ಮರಳಲ್ಲ. ಕೆಸರು ಹಾಕಿದರೆ ಮೊದಲ ಅಲೆಗೇ ಕರಗಿ ಹೋಗುತ್ತದೆ, ನೀರು ಕಲಕಿ ಮೀನಿಗೂ ತೊಂದರೆ. ದಡದ ಮರಳಿನಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ದಪ್ಪ ಕಾಳಿನ ಮರಳು ಬೇಕು. ಜರಡಿ ಹಿಡಿದು ನೋಡಿದರೆ ತಿಳಿಯುವ ವಿಷಯ ಇದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಕಲಿಸುವವರಿದ್ದಾರೆ, ಆ ಕ್ಯಾಂಪಸ್ಸೇ ಕಡಲ ದಡದಲ್ಲಿದೆ. ಒಂದೊಂದು ಅಳಿವೆಯ ಮರಳನ್ನು ಪರೀಕ್ಷೆ ಮಾಡಿ ಕೊಡಿ ಎಂದು ಅವರನ್ನು ಕೇಳಲು ಏನು ಕಷ್ಟ?

ಮರಳು ಹಾಕಿ ತೀರ ಉಳಿಸುವುದು ಶ್ರೀಮಂತ ದೇಶಗಳ ಆಟ ಎಂದು ಕೆಲವರು ಹೇಳುತ್ತಾರೆ. ನೆದರ್ಲೆಂಡ್ಸ್‌ನವರು 2011ರಲ್ಲಿ ಒಂದೇ ಜಾಗದಲ್ಲಿ 2.15 ಕೋಟಿ ಘನ ಮೀಟರ್ ಮರಳು ಸುರಿದು, ಅಲೆ ಮತ್ತು ಗಾಳಿಯೇ ಅದನ್ನು ಅಕ್ಕಪಕ್ಕದ ತೀರಕ್ಕೆ ಹಂಚಲಿ ಎಂದು ಬಿಟ್ಟರು. ಅಂಥದ್ದು ನಮ್ಮಿಂದ ಆಗಲಿಕ್ಕಿಲ್ಲ. ಪುದುಚೇರಿ ನಮ್ಮ ದೇಶದಲ್ಲೇ ಇದೆಯಲ್ಲ. ಅಲ್ಲಿ 80ರ ದಶಕದ ಕೊನೆಗೆ ಕಟ್ಟಿದ ಬಂದರಿನ ಬ್ರೇಕ್‌ವಾಟರ್‌ನಿಂದ ಊರಿನ ಮುಂದಿನ ಬೀಚ್ ಪೂರ್ತಿ ಹೋಗಿ ಬರೀ ಕಲ್ಲು ಉಳಿದಿತ್ತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನೀರಿನೊಳಗೆ ಉಕ್ಕಿನ ಒಂದು ರೀಫ್ ಇಳಿಸಿದರು, ಬಂದರಿನಲ್ಲಿ ಎತ್ತಿದ ಮರಳನ್ನು ತಂದು ಹಾಕಿದರು. 2018ರ ನಂತರ ಅಲ್ಲಿ ಜನ ಮತ್ತೆ ಮರಳಿನ ಮೇಲೆ ನಡೆದರು. ಒಡಿಶಾದ ಪೆಂಥಾದಲ್ಲಿ ಕಡಲಿಗೆ ಎದುರಾಗಿ ಮರಳು ತುಂಬಿದ ದೊಡ್ಡ ಬಟ್ಟೆ ಕೊಳವೆಗಳನ್ನು, ಅಂದರೆ ಜಿಯೋಟ್ಯೂಬ್‌ಗಳನ್ನು ಒಂದರ ಮೇಲೊಂದು ಇಟ್ಟು ಅರ್ಧ ಕಿ.ಮೀ. ಉದ್ದದ ಒಡ್ಡು ಕಟ್ಟಿದ್ದಾರೆ.

ಆದರೆ ಅವುಗಳನ್ನು ಹಾಗೇ ತಂದು ಇಲ್ಲಿ ಹಾಕಬೇಡಿ. ಪೂರ್ವ ಕರಾವಳಿಯಲ್ಲಿ ಮರಳು ಹೆಚ್ಚಾಗಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ದಿಕ್ಕು, ಉಳಿದ ತಿಂಗಳಲ್ಲಿ ಇನ್ನೊಂದು ದಿಕ್ಕು, ಕೊನೆಗೆ ಉಳಿಯುವ ಲೆಕ್ಕ ಊರಿನಿಂದ ಊರಿಗೆ ಬೇರೆ. ಹೊಸ ತಂತ್ರಜ್ಞಾನದ ಹೆಸರು ಹೇಳಿಕೊಂಡು ಬರುವ ಕಂಪನಿಗಳಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಊರಿನ ಮರಳು ಯಾವ ತಿಂಗಳಲ್ಲಿ ಯಾವ ಕಡೆಗೆ ಹೋಗುತ್ತದೆ, ನೀವು ಅಳೆದಿದ್ದೀರಾ? ಅಳೆದಿಲ್ಲ ಎಂದರೆ ಒಂದು ವರ್ಷ ಅಳೆದು ಬರಲಿ.

ಮರಳಿನ ಮೂಲ ಹೊಳೆಗಳು. ಲಿಂಗನಮಕ್ಕಿ, ಸೂಪಾದಂಥ ಅಣೆಕಟ್ಟುಗಳ ಹಿಂದೆ ಒಂದಷ್ಟು ನಿಂತಿತು. ಉಳಿದದ್ದರಲ್ಲಿ ದೊಡ್ಡ ಪಾಲು ಲಾರಿ ಏರುತ್ತದೆ. ಮನೆ ಕಟ್ಟಲು ಮರಳು ಬೇಕು, ನನಗೂ ಗೊತ್ತು. ಹೊಳೆಯಿಂದ ಎಷ್ಟು ತೆಗೆಯಬಹುದು ಎಂದು ತೀರ್ಮಾನ ಮಾಡುವ ಮೇಜಿನ ಮೇಲೆ ಕಡಲ ದಡದ ನಕ್ಷೆಯೂ ಇರಲಿ ಎನ್ನುವುದಷ್ಟೇ ನನ್ನ ಕೋರಿಕೆ.

ದಡದ ಗಿಡಗಳನ್ನೂ ಉಳಿಸಿಕೊಡಿ. ಬಂಗುಡೆ ಬಳ್ಳಿ, ರಾವಣನ ಮೀಸೆ ಹುಲ್ಲು, ಮುಂಡುಕ, ಹೊನ್ನೆ. ಬಂಗುಡೆ ಬಳ್ಳಿಯ ಒಂದು ಎಳೆ ಎತ್ತಿ ನೋಡಿ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಕಚ್ಚಿ ಹಿಡಿದಿರುತ್ತದೆ. ಗಾಳಿಗೆ ಹಾರಿ ಬಂದ ಮರಳು ಅದರ ಎಲೆಗಳಿಗೆ ತಡೆದು ದಿಬ್ಬವಾಗುತ್ತದೆ. ದೊಡ್ಡ ತೂಫಾನ್ ಬಂದಾಗ ಆ ದಿಬ್ಬವೇ ಕರಗಿ ಹಿಂದಿನ ಮನೆಗಳನ್ನು ಕಾಯುತ್ತದೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಮಳೆಗಾಲಕ್ಕೂ ಮೊದಲೇ ಬಂದು ಹೊಡೆದದ್ದು ನೆನಪಿದೆಯಲ್ಲ. ಬೀಚ್ ಅಭಿವೃದ್ಧಿ ಎಂದು ಜೆಸಿಬಿ ತಂದು ದಿಬ್ಬ ಸಮ ಮಾಡಿ, ಇಂಟರ್‌ಲಾಕ್ ಹಾಕಿ, ಆಮೇಲೆ ಅದೇ ಇಂಟರ್‌ಲಾಕ್ ಉಳಿಸಲು ಗೋಡೆ ಕೇಳುವುದನ್ನು ನಿಲ್ಲಿಸಬೇಕು. ಗಿಡ ನೆಟ್ಟರೆ ಉಳ್ಳಾಲದಂಥ ಕೊರೆತ ನಿಲ್ಲುವುದಿಲ್ಲ, ಆ ಭ್ರಮೆ ನನಗಿಲ್ಲ. ದಿಬ್ಬ ಇನ್ನೂ ಉಳಿದಿರುವ ಕಡೆ ಅದಕ್ಕಿಂತ ಕಡಿಮೆ ಖರ್ಚಿನ ರಕ್ಷಣೆ ಇಲ್ಲ.

ಕೊನೆಗೆ, ಹೇಳಲು ನನಗೆ ಕಷ್ಟವಾಗುವ ಮಾತು. ಕೆಲವು ಮನೆಗಳನ್ನು ಯಾವ ತಂತ್ರದಿಂದಲೂ ಉಳಿಸಲು ಆಗುವುದಿಲ್ಲ. ಅವರಿಗೆ ಪ್ರತಿ ಮಳೆಗಾಲಕ್ಕೆ ಗಂಜಿ ಕೇಂದ್ರ ತೋರಿಸುವುದು ಅನ್ಯಾಯ. ಕೇರಳದ ಪುನರ್‌ಗೇಹಂ ಯೋಜನೆ ಕಡಲಿನಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಕ್ಕೆ ಜಾಗ, ಮನೆ ಸೇರಿ 10 ಲಕ್ಷ ರೂ. ಕೊಡುತ್ತದೆ. ಆ ಹಣ ಸಾಲುವುದಿಲ್ಲ ಎಂದು ಅಲ್ಲಿಯವರೇ ಹೇಳುತ್ತಾರೆ. ಒಡಿಶಾದ ಸಾತಭಾಯಾದ ಜನರನ್ನು ಬಾಗಪಾಟಿಯಾ ಎಂಬಲ್ಲಿಗೆ ಕಳಿಸಿದರು. ಮನೆ ಸಿಕ್ಕಿತು, ಕಸುಬು ಸಿಗಲಿಲ್ಲ, ಗಂಡಸರು ಕೂಲಿಗೆ ದೂರದ ರಾಜ್ಯಗಳಿಗೆ ಹೋಗಬೇಕಾಯಿತು. ನಮ್ಮಲ್ಲಿ ಹಾಗಾಗಬಾರದು. ಮೀನುಗಾರ ಸ್ಥಳಾಂತರಕ್ಕೆ ಒಪ್ಪಬೇಕಾದರೆ ಹೊಸ ಮನೆ ಕಡಲಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹಳೆಯ ಜಾಗದಲ್ಲಿ ದೋಣಿ ಇಡುವ, ಬಲೆ ಒಣಗಿಸುವ ಹಕ್ಕು ಉಳಿಯಬೇಕು. ಅವರು ಬಿಟ್ಟು ಬಂದ ಜಾಗದಲ್ಲಿ ರೆಸಾರ್ಟ್ ಏಳಬಾರದು. ಈ ಮೂರನೆಯದನ್ನು ಬರವಣಿಗೆಯಲ್ಲಿ ಕೊಡದಿದ್ದರೆ ಯಾರೂ ನಿಮ್ಮನ್ನು ನಂಬುವುದಿಲ್ಲ.

ಹಣದ ವಿಷಯ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಇಡೀ ದೇಶದಲ್ಲಿ ಕೊರೆತ ತಡೆಯಲು 1,500 ಕೋಟಿ ರೂ., ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂ. ಎಂದು ಬೇರೆಯಾಗಿಯೇ ಹೇಳಿತ್ತು. ಈ ಪುನರ್ವಸತಿ ಹಣದಲ್ಲಿ ಕರ್ನಾಟಕ ಎಷ್ಟು ಕೇಳಿತು, ಎಷ್ಟು ಬಂತು, ಎಷ್ಟು ಮನೆಗೆ ಮುಟ್ಟಿತು? ದಯವಿಟ್ಟು ತಿಳಿಸಿ.

ಕೆಲಸದ ಸಮಯವೂ ಬದಲಾಗಲಿ. ಅಕ್ಟೋಬರ್‌ನಲ್ಲಿ ದಡ ಅಳೆಯಿರಿ, ನವೆಂಬರ್‌ನಲ್ಲಿ ಗ್ರಾಮಸಭೆ ಕರೆಯಿರಿ, ಕೆಲಸ ಏಪ್ರಿಲ್ ಒಳಗೆ ಮುಗಿಯಲಿ. ಸಭೆಗೆ ಕೈರಂಪಣಿಯವರನ್ನು, ಬೋಟಿನವರನ್ನು, ಗೋಡೆಯ ಕೊನೆಯಾಚೆಗೆ ಮನೆ ಇರುವವರನ್ನು ಒಟ್ಟಿಗೆ ಕೂರಿಸಿ. ಅಳಿವೆಯ ಹೂಳೆತ್ತುವ ಎಂಜಿನಿಯರ್ ಮತ್ತು ಗೋಡೆ ಕಟ್ಟುವ ಎಂಜಿನಿಯರ್ ಇಬ್ಬರೂ ಅದೇ ಸಭೆಯಲ್ಲಿ ಇರಲಿ. ಮೊದಲ ವರ್ಷ ಎಲ್ಲ ಕಡೆ ಆಗದಿದ್ದರೆ ಒಂದೇ ಒಂದು ಅಳಿವೆಯಲ್ಲಿ ಮಾಡಿ ತೋರಿಸಿ. ನೇತ್ರಾವತಿಯ ಅಳಿವೆಯಿಂದಲೇ ಶುರುಮಾಡಿ, ಬಡಗಿನ ಬೆಂಗ್ರೆಯಿಂದ ತೆಂಕಿನ ಬಟ್ಟಪ್ಪಾಡಿಯವರೆಗೆ ಒಂದೇ ತೀರ ಎಂದು ನಕ್ಷೆ ಹಾಕಿ. ಆ ನಕ್ಷೆ ಯಾವ ತಿಂಗಳಲ್ಲಿ ನಮ್ಮ ಕೈಗೆ ಸಿಗುತ್ತದೆ ಎಂದು ಈ ಪತ್ರಕ್ಕೆ ಉತ್ತರವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಕಾಪು ತಾಲೂಕಿನ ಕಡಲ ದಡದ ಒಬ್ಬ ನಿವಾಸಿ